ಎದೆಯ ಬಾವು ಮತ್ತೆ ಮತ್ತೆ ಬಂದರೆ



2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್., ಬಂಗಾರಪೇಟೆಯ ಎಷ್ಟೋ ಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಎದೆಯ ಕಾಯಿಲೆ ಎಂದರೆ ನಾಚಿಕೆ ಬೇರೆ. ಹಾಗಾಗಿ ಹತ್ತಿರದಲ್ಲೇ ಕೀವು ತೆಗೆಸಿ, ಮಾತ್ರೆ ನುಂಗಿ, "ವಾಸಿಯಾಯ್ತು ಬಿಡಿ" ಎನ್ನುತ್ತೇವೆ. ಕೆಲವು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಾವು! ಏಕೆ ಹೀಗೆ?

ಹಾಲೂಡಿಸುವ ತಾಯಿಗೆ: ಹಾಲು ಕಟ್ಟಿ, ಮೊಲೆತೊಟ್ಟಿನ ಬಿರುಕಿನಿಂದ ರೋಗಾಣು ಒಳಸೇರಿ ಕೀವಾಗುತ್ತದೆ. ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಕೀವು ತೆಗೆದು ಔಷಧ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಹಾಲು ಕೊಡುವುದನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಹಾಲೂಡಿಸದವರಿಗೆ: ತೊಟ್ಟಿನ ಬಳಿ ಪದೇ ಪದೇ ಬಾವು ಬಂದರೆ ಹೆಚ್ಚಾಗಿ ಒಂದು ಹಾಲಿನ ನಾಳ ಕಟ್ಟಿಕೊಂಡಿರುತ್ತದೆ. ಅದು ಒಳಗೇ ಒಡೆದು ಕೀವಾಗುತ್ತದೆ. ಕೆಲವರಿಗೆ ತೂತಾಗಿ ಸೋರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಮೇಲೆ ಕೊಯ್ದು ಕೀವು ತೆಗೆದರೆ ನೋವು ಇಳಿಯುತ್ತದೆ, ಕೆಟ್ಟ ನಾಳ ಅಲ್ಲೇ ಉಳಿಯುತ್ತದೆ. ಆದ್ದರಿಂದ ಊತ ಇಳಿದ ಮೇಲೆ ಸರ್ಜನ್ ಆ ನಾಳವನ್ನೂ ಸೋರುವ ದಾರಿಯನ್ನೂ ತೆಗೆಯುತ್ತಾರೆ. ಪೂರ್ತಿ ಸ್ತನ ತೆಗೆಯುವ ಆಪರೇಷನ್ ಇದಲ್ಲ, ಹೆದರಬೇಡಿ. ಮುಂದೆ ಮಗು ಬೇಕೆಂದಿದ್ದರೆ ಮೊದಲೇ ಹೇಳಿ. ಆ ಕಡೆ ಹಾಲೂಡಿಸಲು ತೊಂದರೆಯಾಗಬಹುದು. ಆಪರೇಷನ್ ಆದ ಮೇಲೂ ಕೆಲವರಿಗೆ ಮರುಕಳಿಸುವುದುಂಟು. ಬೀಡಿ ಬಿಟ್ಟರೆ ಆ ಭಯ ಕಡಿಮೆ.

ಮೊದಲು ಪರೀಕ್ಷೆ: ಪ್ರತಿ ಬಾವೂ ಒಂದೇ ಕಾರಣದ್ದಲ್ಲ. ವಾಸಿಯಾಗದ ಗಾಯ ಟಿ.ಬಿ. ಇರಬಹುದು. ಗಣಿಯ ದೂಳು ಕುಡಿದ ಮನೆಗಳಿಗೆ ಆ ಹೆಸರು ಹೊಸದಲ್ಲ. ಅದಕ್ಕೆ ಬೇಕಾದದ್ದು ತಿಂಗಳುಗಟ್ಟಲೆ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಪರೂಪಕ್ಕೆ ಕ್ಯಾನ್ಸರ್ ಕೂಡ ಬಾವಿನಂತೆಯೇ ಕಾಣುತ್ತದೆ. ಆದ್ದರಿಂದ ಸ್ಕ್ಯಾನ್, ಕೀವಿನ ಪರೀಕ್ಷೆ, ಅಗತ್ಯವಿದ್ದರೆ ಚೂರು ತೆಗೆದು ಪರೀಕ್ಷೆ, ಜೊತೆಗೆ ಸಕ್ಕರೆ ಪರೀಕ್ಷೆ ಮಾಡಿಸಿ.

ಎಲ್ಲಿಗೆ ಹೋಗಬೇಕು? ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ. ರೇಷನ್ ಕಾರ್ಡ್, ಆಧಾರ್, ಹಳೆಯ ಚೀಟಿಗಳೆಲ್ಲ ಜೊತೆಗಿರಲಿ. ಎಷ್ಟನೇ ಸಲ ಬಂದದ್ದೆಂದು ತಪ್ಪದೆ ಹೇಳಿ. ಜ್ವರ ಬಂದು ಕೆಂಪು ಹರಡಿದರೆ ಅಂದೇ ಹೊರಡಿ.

ಒಂದು ದಿನದ ಕೂಲಿ ಉಳಿಸಲು ಹೋಗಿ ವರ್ಷಗಟ್ಟಲೆ ನರಳುವುದು ಬೇಡ.

ಸಂಘದಲ್ಲಿ ಚರ್ಚಿಸಿ:
1. ನಮ್ಮಲ್ಲಿ ಯಾರಾದರೂ ನಾಚಿಕೆಯಿಂದ ಬಾವು ಮುಚ್ಚಿಟ್ಟಿದ್ದಾರೆಯೇ?
2. ಅವರ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ?