ನಿಂತ ವಿಮಾನಗಳು

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಸುತ್ತಮುತ್ತ ರಾಗಿ, ರೇಷ್ಮೆಗಳನ್ನು ನಂಬಿ ಬಾಳುವ ರೈತರಿಗೆ ಒಂದು ಸಂಗತಿ ಅನುಭವದಿಂದ ತಿಳಿದಿದೆ. ದುಡಿಯುವ ನೇಗಿಲಿಗಿಂತ ಮೂಲೆಗಿಟ್ಟ ನೇಗಿಲೇ ಬೇಗ ಕೆಡುತ್ತದೆ. ಉಳುವ ಗುಳವು ಮಣ್ಣಿಗೆ ಉಜ್ಜಿ ಹೊಳೆಯುತ್ತದೆ; ಬಿಟ್ಟ ಗುಳಕ್ಕೆ ತುಕ್ಕು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಬಹುಕಾಲ ತೆರೆಯದ ಬಾಗಿಲಿನ ಬೀಗದ ರಂಧ್ರದಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ನೆಲವನ್ನು ಉಳುವ ನೇಗಿಲಿಗೆ ಸಲ್ಲುವ ಈ ನಿಯಮ ಆಕಾಶದಲ್ಲಿ ಹಾರುವ ವಿಮಾನಕ್ಕೂ ಸಲ್ಲುತ್ತದೆ.

2020ರ ಮಾರ್ಚ್ 25ರಿಂದ ಕೊರೊನಾ ರೋಗದ ಕಾರಣ ನಮ್ಮ ದೇಶದೊಳಗಿನ ಪ್ರಯಾಣಿಕ ವಿಮಾನಗಳ ಸಂಚಾರ ನಿಂತಿತು. ಆರುನೂರಕ್ಕೂ ಹೆಚ್ಚು ವಿಮಾನಗಳು ದೊಡ್ಡ, ಚಿಕ್ಕ ನಿಲ್ದಾಣಗಳಲ್ಲಿ ಸಾಲುಗಟ್ಟಿ ನಿಂತವು. ನೋಡುವವರಿಗೆ ಅವು ವಿಶ್ರಮಿಸುತ್ತಿರುವಂತೆ ಕಂಡವು. ಆದರೆ ಅವುಗಳನ್ನು ಕಾಯುವ ಎಂಜಿನಿಯರುಗಳಿಗೆ ವಿಶ್ರಾಂತಿ ಇರಲಿಲ್ಲ.

ನಿಂತ ವಿಮಾನಕ್ಕೆ ಶತ್ರುಗಳು ಹಲವು. ಏರ್‌ಬಸ್ 320 ಜಾತಿಯ ಬರಿಯ ವಿಮಾನವೇ ಸುಮಾರು 40 ಟನ್ ತೂಗುತ್ತದೆ. ಒಂದೇ ಕಡೆ ಈ ಭಾರ ಬಿದ್ದರೆ ಚಕ್ರಗಳ ಟೈರು ಚಪ್ಪಟೆಯಾಗುತ್ತದೆ. ಆದುದರಿಂದ ಚಕ್ರಗಳನ್ನು ಆಗಾಗ ಉರುಳಿಸಬೇಕು. ಇಂಧನದ ತೊಟ್ಟಿಯಲ್ಲಿ ನೀರು ಸೇರಿದರೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆ ನೀರನ್ನು ಬಸಿದು ತೆಗೆಯಬೇಕು. ಎಂಜಿನ್‌ಗಳ ಬಾಯಿಯಲ್ಲಿ ಹಕ್ಕಿ ಗೂಡು ಕಟ್ಟದಂತೆ ಮುಚ್ಚಬೇಕು. ನಡುನಡುವೆ ಮುಸುಕು ತೆಗೆದು ಅವನ್ನು ಓಡಿಸಿ ನೋಡಬೇಕು. ತೇವವಂತೂ ಲೋಹಕ್ಕೆ ಪರಮ ವೈರಿ. ಹೀಗಾಗಿಯೇ ಸ್ಪೇನಿನ ತೆರುಯೆಲ್, ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್ ಮುಂತಾದ ಒಣ ಹವೆಯ ಸ್ಥಳಗಳಲ್ಲಿ ವಿಮಾನಗಳನ್ನು ದೀರ್ಘಕಾಲ ಇರಿಸುತ್ತಾರೆ.

ಈ ಎಚ್ಚರ ತಪ್ಪಿದರೆ ಏನಾಗಬಹುದು? ವಿಮಾನದ ಮುಂಭಾಗದಲ್ಲಿ ಪಿಟೋ ನಳಿಕೆ ಎಂಬ ಸಣ್ಣ ಕೊಳವೆಗಳಿರುತ್ತವೆ. ಎದುರಿನಿಂದ ಒಳನುಗ್ಗುವ ಗಾಳಿಯ ಒತ್ತಡದಿಂದ ವಿಮಾನದ ವೇಗ ತಿಳಿಯುತ್ತದೆ. 1996ರಲ್ಲಿ ಡೊಮಿನಿಕನ್ ಗಣರಾಜ್ಯದ ಪುಯೆರ್ತೊ ಪ್ಲಾಟಾ ನಿಲ್ದಾಣದಲ್ಲಿ ಒಂದು ಬೋಯಿಂಗ್ ವಿಮಾನ ಮೂರು ವಾರಗಳಷ್ಟು ಕಾಲ ನಿಂತಿತ್ತು. ನಳಿಕೆಗಳಿಗೆ ಮುಸುಕು ಹಾಕಿರಲಿಲ್ಲ. ಫೆಬ್ರವರಿ 6ರ ರಾತ್ರಿ ಮೇಲೇರಿದ ಅದರ ವೇಗಮಾಪಕ ತಪ್ಪು ತೋರಿಸಿತು. ಚಾಲಕರು ಗೊಂದಲಗೊಂಡರು; ವಿಮಾನ ವೇಗ ಕಳೆದುಕೊಂಡು ಸಮುದ್ರಕ್ಕೆ ಬಿದ್ದಿತು. ಅದರಲ್ಲಿದ್ದ 189 ಮಂದಿಯೂ ಮಡಿದರು. ನಳಿಕೆಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದ್ದಿರಬೇಕೆಂದು ತನಿಖೆ ನಡೆಸಿದವರು ಶಂಕಿಸಿದರು. ಒಂದು ತುಂಡು ಬಟ್ಟೆಯ ಮುಸುಕು ಅಷ್ಟು ಜೀವಗಳನ್ನು ಉಳಿಸಬಹುದಿತ್ತು!

ಯಂತ್ರದ ಜೋಪಾನವು ಅದನ್ನು ಕಾಯುವ ಮನುಷ್ಯರ ಜೋಪಾನವನ್ನು ಅವಲಂಬಿಸಿದೆ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಕಥೆ ಇದಕ್ಕೆ ನಿದರ್ಶನ. ಹಲವು ತಿಂಗಳ ಸಂಬಳ ಸಿಗದೆ 2012ರಲ್ಲಿ ಅಲ್ಲಿನ ಚಾಲಕರೂ ಎಂಜಿನಿಯರುಗಳೂ ಕೆಲಸ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಂಸ್ಥೆಯ ಪರವಾನಗಿಯೂ ಅಮಾನತಾಯಿತು. ಅದರ ವಿಮಾನಗಳು ನಿಂತಲ್ಲೇ ನಿಂತವು. ಕೆಲವನ್ನು ಬಾಡಿಗೆಗೆ ಕೊಟ್ಟಿದ್ದವರು ಮರಳಿ ಒಯ್ದರು. ಕೆಲವು ಮಳೆಬಿಸಿಲಿಗೆ ಬಣ್ಣಗೆಟ್ಟು ಕೊನೆಗೆ ಗುಜರಿಯ ಪಾಲಾದವು. ಕೊರೊನಾ ಕಾಲದಲ್ಲಿ ನಿಂತ ವಿಮಾನಗಳಾದರೋ 2020ರ ಮೇ 25ರಂದು ಮತ್ತೆ ಹಾರತೊಡಗಿದವು. ಎರಡು ತಿಂಗಳು ಅವುಗಳನ್ನು ಕಾಯ್ದ ಕೈಗಳನ್ನು ಪ್ರಯಾಣಿಕರು ಕಾಣಲಿಲ್ಲ.

ಆಯುಧಪೂಜೆಯ ದಿನ ಕೋಡಿಹಳ್ಳಿಯ ರೈತನು ಬಳಸುವ ಕುಡುಗೋಲನ್ನಷ್ಟೇ ಅಲ್ಲ, ಅಟ್ಟದಲ್ಲಿಟ್ಟ ಹಳೆಯ ನೇಗಿಲನ್ನೂ ಇಳಿಸಿ, ತೊಳೆದು, ಕುಂಕುಮವಿಡುತ್ತಾನೆ. ದುಡಿಯದೆ ನಿಂತುದಕ್ಕೂ ಆರೈಕೆ ಬೇಕೆಂಬ ತಿಳಿವು ಆ ಕೈಗಳಲ್ಲಿದೆ. ವಿಮಾನ ನಿಲ್ದಾಣದ ಎಂಜಿನಿಯರು ನಳಿಕೆಗೆ ಮುಸುಕು ಹಾಕುವಾಗ ಮಾಡುವುದೂ ಅದೇ ಕೆಲಸ.