ಮರಳುವ ಬಸ್ಸನ್ನು ಮೊದಲು ವಿಚಾರಿಸು

ತಮ್ಮಾ, ಪುಣೆಯ ಧನಕವಡಿಯ ನಿಮ್ಮ ರೂಮಿನ ಹುಡುಗರೆಲ್ಲ ಭಾನುವಾರ ಸಿಂಹಗಡ ಕೋಟೆಗೆ ಬೈಕಿನಲ್ಲಿ ಹೊರಟಿದ್ದೀರಂತೆ. ಪರಿಸರದ ಕಾಳಜಿ ನಿಮಗಿಲ್ಲವೆಂದು ನಾನು ಹೇಳಲಾರೆ. ಹೊಗೆ, ಪ್ಲಾಸ್ಟಿಕ್ಕು ಎಲ್ಲವನ್ನೂ ನೀವು ಓದಿ ಬಲ್ಲಿರಿ. ಆದರೂ ಬಸ್ಸಿನಲ್ಲಿ ಹೋಗಿ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಸಂಜೆ ವಾಪಸ್ ಬರಲು ಬಸ್ ಸಿಗದಿದ್ದರೆ? ಆ ಅಳುಕು ಸುಳ್ಳಲ್ಲ. ಪ್ರವಾಸಿಗನ ಕೈಗೆ ಬೈಕಿನ ಚಾವಿ ಕೊಡುವುದೇ ಅದು.

2022ರ ಮೇ ತಿಂಗಳಲ್ಲಿ ಖಾಸಗಿ ಗಾಡಿಗಳನ್ನು ಕೆಳಗೇ ತಡೆದು, ಕೋಟೆಯ ಮೇಲಕ್ಕೆ ಪುಣೆಯ ನಗರ ಬಸ್ ಸಂಸ್ಥೆ ಪಿಎಂಪಿಎಂಎಲ್‌ನ ವಿದ್ಯುತ್ ಬಸ್ಸುಗಳನ್ನು ಓಡಿಸಿದರು. ಎಷ್ಟು ಒಳ್ಳೆಯ ಯೋಚನೆ! ಆದರೆ ಘಾಟಿಯ ರಸ್ತೆ ಇಕ್ಕಟ್ಟು, ರಜೆಯ ದಿನ ಜನವೋ ಜನ. ಕೆಲವೇ ವಾರಗಳಲ್ಲಿ ಬಸ್ಸು ನಿಂತಿತು, ಗಾಡಿಗಳು ಮತ್ತೆ ಮೇಲೆ ಹತ್ತಿದವು. ಜನರಿಗೆ ಮನಸ್ಸಿಲ್ಲವೆಂದು ದೂರುವವರು ಇದನ್ನು ನೆನೆಯಬೇಕು. ಏರ್ಪಾಡು ಕೈಕೊಟ್ಟಲ್ಲಿ ಬರೀ ಮನಸ್ಸು ಎಷ್ಟು ದೂರ ನಡೆದೀತು?

ಖರ್ಚಿನ ಮಾತೂ ಇದೆ. ಇಬ್ಬರು ಹಂಚಿಕೊಂಡರೆ ಪೆಟ್ರೋಲು ದುಬಾರಿ ಅನ್ನಿಸುವುದಿಲ್ಲ, ನಿಜ. ಬಸ್ ಹತ್ತುತ್ತೀಯೆಂದು ನಗುವ ಗೆಳೆಯರ ನಗೆಗೆ ಮಾತ್ರ ಹೆದರಬೇಡ, ಅದು ಸ್ವಾರಗೇಟ್ ಬಸ್ ನಿಲ್ದಾಣ ದಾಟುವಷ್ಟರಲ್ಲಿ ಮುಗಿದಿರುತ್ತದೆ.

ಹೀಗೆ ಮಾಡು. ಬೆಳಕು ಹರಿಯುವ ಹೊತ್ತಿಗೇ ಸ್ವಾರಗೇಟಿಗೆ ಬಂದು ಕೋಟೆಯ ಬುಡಕ್ಕೆ ಹೋಗುವ ಬಸ್ ಹಿಡಿ. ಇಳಿಯುವ ಮೊದಲೇ ಕಂಡಕ್ಟರರನ್ನು ಕೇಳಿ ಮರಳುವ ಬಸ್ಸುಗಳ ಹೊತ್ತು, ಅದರಲ್ಲೂ ಕೊನೆಯದರ ಹೊತ್ತು, ಬರೆದಿಟ್ಟುಕೋ. ಬುಡದ ಆತಕರವಾಡಿಯಿಂದ ಕಾಲ್ದಾರಿ ಹಿಡಿದು ಹತ್ತು. 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಪ್ರಾಣ ಕೊಟ್ಟ ಕೋಟೆಯದು, ನಡೆದು ಹತ್ತಿದವನಿಗೆ ಅದರ ಎತ್ತರ ಕಾಲಿಗೇ ತಿಳಿಯುತ್ತದೆ. ಮೇಲೆ ಪಿಠಲಾ-ಭಾಕರಿ, ಮಡಕೆ ಮೊಸರು ಮಾರುವ ಹೆಂಗಸರ ಬಳಿ ಕೂತು ಉಣ್ಣು, ನಾಲ್ಕು ಕಾಸು ಅಲ್ಲಿನವರ ಕೈ ಸೇರಲಿ. ನೀರಿನ ಬಾಟ್ಲಿ ಮನೆಯಿಂದಲೇ ಒಯ್ಯಿ. ಮರಳುವಾಗ ಖಡಕವಾಸಲಾ ಜಲಾಶಯದ ದಂಡೆಯಲ್ಲಿ ಇಳಿದರೆ ಪೊಟ್ಟಣ, ಕವರು ಏನನ್ನೂ ಬಿಡಬೇಡ. ಪುಣೆಯ ನಲ್ಲಿಗೆ ಬರುವುದು ಅದೇ ನೀರು.

ಸಂಜೆಯ ಬಸ್ಸು ಸಾಲದು ಎಂದು ಕಂಡರೆ ಗೊಣಗಿಕೊಂಡು ಮುಂದಿನ ವಾರ ಬೈಕ್ ತೆಗೆಯಬೇಡ. ಯಾವ ಹೊತ್ತಿಗೆ ಎಷ್ಟು ಜನ ನಿಂತಿದ್ದರೆಂದು ಗುರುತು ಹಾಕಿಕೊಂಡು ಬಾ. ನಿಮ್ಮ ರೂಮಿನವರೆಲ್ಲ ಸಹಿ ಹಾಕಿ, ಪಿಎಂಪಿಎಂಎಲ್‌ಗೆ ಅರ್ಜಿ ಕೊಡೋಣ. ಮರಾಠಿಯಲ್ಲಿ ಬರೆದುಕೊಡಲು ನಾನಿದ್ದೇನೆ.