ಗಂಗೊಳ್ಳಿ ಅಳಿವೆಯಿಂದ ಶುರು ಮಾಡಿ

ಪ್ರಶ್ನೆ: ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನದಿಗಳ ಪಾಠಕ್ಕೆಂದು ಪ್ಯಾಡ್ಲೆಟ್, ವೇಕ್‌ಲೆಟ್ ಎರಡನ್ನೂ ಬಳಸಿ ನೋಡಿದೆ. ಎರಡು ವಾರದಲ್ಲಿ 60 ಲಿಂಕ್ ಸೇರಿದವು. ತರಗತಿಯಲ್ಲಿ ತೆರೆದರೆ ಮೂರನೇ ವಿಡಿಯೋಗೇ ಮಕ್ಕಳಿಗೆ ಬೇಸರ. ನೆಟ್‌ವರ್ಕ್ ಕೂಡ ನಂಬುವ ಹಾಗಿಲ್ಲ. ಯಾವ ಟೂಲ್ ಸರಿ ಸರ್? ಪಟ್ಟಿ ಜೊತೆಗಿಟ್ಟಿದ್ದೇನೆ.
– ಶಿಕ್ಷಕಿ, ಬೈಂದೂರು ತಾಲೂಕು

ಉತ್ತರ: ಟೀಚರ್, ಪ್ಯಾಡ್ಲೆಟ್ ಗೋಡೆಯಿದ್ದಂತೆ, ಮಕ್ಕಳೂ ಬಂದು ಅಂಟಿಸಬಹುದು. ವೇಕ್‌ಲೆಟ್‌ನಲ್ಲಿ ಲಿಂಕ್‌ಗಳನ್ನು ಒಂದರ ಕೆಳಗೊಂದು ಜೋಡಿಸಿ ನಡುನಡುವೆ ನಿಮ್ಮ ಮಾತು ಬರೆಯಬಹುದು. ನನ್ನ ಒಲವು ಎರಡನೆಯದಕ್ಕೆ. ಪಾಠ ಇರುವುದು ಆ ನಡುವಿನ ಮಾತಿನಲ್ಲೇ. ನಿಮ್ಮ 60 ಲಿಂಕ್‌ಗಳ ನಡುವೆ ಒಂದು ಸಾಲೂ ನಿಮ್ಮದಿಲ್ಲ.

ಪಟ್ಟಿಯಲ್ಲಿ ಸುಂದರಬನದ ವಿಡಿಯೋಗಳೇ ಏಳಿವೆ, ಗಂಗೊಳ್ಳಿ ಅಳಿವೆ ಮಾತ್ರ ಇಲ್ಲ! ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ಪಂಚಗಂಗಾವಳಿಯಾಗಿ ಕಡಲಿಗೆ ಬೀಳುವ ಜಾಗವದು. ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಐದು ಹೊಳೆ ಕೂಡಿದರೂ ಇಲ್ಲಿ ಗಂಗೆಯ ಹಾಗೆ ನದೀಮುಖಜ ಭೂಮಿ ಯಾಕೆ ಆಗಲಿಲ್ಲ? ಮೊದಲು ಅಳಿವೆಯ ಉಪಗ್ರಹ ಚಿತ್ರ. ಆಮೇಲೆ ಮರವಂತೆ, ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಸುಂದರಬನದ್ದು ಒಂದೇ ಚಿತ್ರ ಸಾಕು. ಘಟ್ಟದಿಂದ ಕಡಲಿಗೆ ಎಷ್ಟು ದೂರವೆಂದು ನಕ್ಷೆಯಲ್ಲಿ ಮಕ್ಕಳೇ ಅಳೆಯಲಿ. ಹೊಳೆಯ ಹರಿವು ಗಿಡ್ಡ, ಇಳಿಜಾರು ಕಡಿದು, ಮಣ್ಣು ಹರಡಿ ನಿಲ್ಲಲು ಅವಕಾಶ ಕಡಿಮೆ ಎಂಬುದು ಅವರ ಬಾಯಿಂದಲೇ ಬರುತ್ತದೆ. ಕೊನೆಗೆ ದೋಣಿಗೆ ಹೋಗುವ ಅಜ್ಜನೊಬ್ಬರು ಅಳಿವೆಯ ಹೂಳಿನ ಬಗ್ಗೆ ಕುಂದಾಪ್ರ ಕನ್ನಡದಲ್ಲಿ ಹೇಳಿದ ಮಾತು, ಮಕ್ಕಳೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. ಅದರ ಲಿಂಕ್ ಯಾವ ಟೂಲೂ ಹುಡುಕಿ ಕೊಡುವುದಿಲ್ಲ.

ಹೀಗೆ ಆರಿಸಿ ಜೋಡಿಸುವ ಕೆಲಸ ನಮ್ಮ ಸೀಮೆಗೆ ಹೊಸತಲ್ಲ. ಕೋಟದ ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ದ ಮೂರು ಸಂಪುಟ ತಂದರು. ಲೋಕದ ಅರಿವನ್ನೆಲ್ಲ ಜಾಲಾಡಿ, ಕನ್ನಡದ ಮಗುವಿಗೆ ಯಾವುದು ಬೇಕೆಂದು ಆರಿಸಿ, ತಮ್ಮ ಮಾತಿನಲ್ಲಿ ಬರೆದರು. ನಿಮ್ಮಿಂದ ನಾನು ಬಯಸುವುದೂ ಆ ಆಯ್ಕೆಯನ್ನೇ.

ನೆಟ್‌ವರ್ಕಿನ ವಿಷಯ: 2017ರಲ್ಲಿ ಶುರುವಾದ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬೇಕಾದ್ದನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕಿವಿಕ್ಸ್ ಆ್ಯಪ್‌ನಲ್ಲಿ ಮೊದಲೇ ಇಳಿಸಿಟ್ಟುಕೊಂಡರೆ ಕನ್ನಡ ವಿಕಿಪೀಡಿಯ ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆ.

ಪ್ರಶ್ನೆ: ಬೇರೆಯವರ ಫೋಟೋಗಳನ್ನು ಪಾಠಕ್ಕೆ ಬಳಸಬಹುದೇ?
– ಶಿಕ್ಷಕರು, ಬ್ರಹ್ಮಾವರ

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಬೋಧನೆಯ ಸಲುವಾಗಿ ಶಿಕ್ಷಕರಿಗೆ ವಿನಾಯಿತಿ ಕೊಟ್ಟಿದೆ. ಎಲ್ಲರಿಗೂ ಕಾಣುವಂತೆ ಹಾಕಿದಾಗ ಅದನ್ನೇ ನೆಚ್ಚಿಕೊಳ್ಳಬೇಡಿ. ನಿಮ್ಮ ಸಂಗ್ರಹ ತರಗತಿಯೊಳಗೇ ಇರಲಿ. ಹೊರಗೆ ಹಂಚುವುದಾದರೆ ವಿಕಿಮೀಡಿಯ ಕಾಮನ್ಸ್‌ನ ಚಿತ್ರ ಆರಿಸಿ, ಕೆಳಗೆ ತೆಗೆದವರ ಹೆಸರು, ಪರವಾನಗಿ ಬರೆಯಿರಿ. ಮಕ್ಕಳ ಮುಖ, ಹೆಸರು ಮಾತ್ರ ಎಲ್ಲೂ ಬೇಡ.